ಕಂಡಕ್ಟ್ರಣ್ಣನ ಇಪ್ಪತ್ತೆಂಟು ಪರ್ಸೆಂಟ್

ಮೊಬೈಲಿನಲ್ಲಿ ಇಪ್ಪತ್ತೆಂಟು ಎಂಬ ಅಂಕಿ ಕಂಡಾಗ ನಾನು ಮೊದಲು ಮಾಡಿದ್ದು, ಮೊಬೈಲನ್ನು ಅಂಗಿಗೆ ಒರೆಸಿ ಮತ್ತೆ ನೋಡಿದ್ದು. ಒರೆಸಿದ ಮೇಲೂ ಇಪ್ಪತ್ತೆಂಟೇ. ಕಂಡಕ್ಟ್ರಣ್ಣನ ಅಂಗವೈಕಲ್ಯ ನೂರಕ್ಕೆ ಇಪ್ಪತ್ತೆಂಟು ಎಂದು ವೈದ್ಯಕೀಯ ಮಂಡಳಿ ತೀರ್ಮಾನಿಸಿತ್ತು. ತಿಂಗಳ ಪಿಂಚಣಿ ಸಿಗಬೇಕಾದರೆ ಕಡಿಮೆಯೆಂದರೂ ನಲವತ್ತು ಬೇಕು. ಬಸ್ಸಿನ ಹಿಂದಿನ ಏಣಿಯಿಂದ ಬಿದ್ದು, ಸೊಂಟದ ಕೀಲಿಗೆ ರಾಡು ಹಾಕಿಸಿಕೊಂಡು, ಎಡಪಾದವನ್ನು ಮೇಲೆತ್ತಲು ಬಾರದ ಮನುಷ್ಯನಿಗೆ ಇಪ್ಪತ್ತೆಂಟು! ನನಗೇ ಅದಕ್ಕಿಂತ ಜಾಸ್ತಿ ಇದೆ. ನಾನು ಗಣಪತಿ ಬಿಡುವಾಗ ಡೋಲಿನ ಮುಂದೆ ಕುಣಿಯುತ್ತೇನೆ.

ನಾನು ಯಾರೆಂದು ಹೇಳಿಬಿಡುತ್ತೇನೆ. ತೀರ್ಥಹಳ್ಳಿ ತಾಲ್ಲೂಕಿನ ಒಂದು ಪಂಚಾಯ್ತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ. ಹುದ್ದೆಯ ಹೆಸರು ಉದ್ದ, ಗೌರವಧನ ಗಿಡ್ಡ, ಹೆಚ್ಚುಕಡಿಮೆ ನನ್ನ ಎರಡು ಕಾಲುಗಳ ಹಾಗೆ. ಹುಟ್ಟುವಾಗಲೇ ಬಲಪಾದ ಒಳಕ್ಕೆ ತಿರುಚಿಕೊಂಡಿತ್ತು. ಈ ಕೆಲಸಕ್ಕೆ ನಮ್ಮಂಥವರನ್ನೇ ತೆಗೆದುಕೊಳ್ಳುತ್ತಾರೆ. ಹಾಗಾಗಿ ಕೆಲಸ ಸಿಕ್ಕಿದ್ದು ಕಾಲಿಗೆ. ಉಳಿದ ಮೈ ಅದರ ಶಿಫಾರಸಿನ ಮೇಲೆ ಒಳಗೆ ಹೋಯಿತು. ಇದರ ಜೊತೆಗೆ ಮಿಮಿಕ್ರಿಯ ಚಟ. ಪಂಚಾಯ್ತಿ ಸೆಕ್ರೆಟರಿ ಕೆಮ್ಮುವುದು, ನಮ್ಮಜ್ಜಿ ಫೋನಿನಲ್ಲಿ ಕಿರುಚುವುದು, ಕನ್ನಡಿಯಲ್ಲಿ ನನ್ನದೇ ಕುಂಟು, ಯಾವುದನ್ನೂ ಬಿಟ್ಟವನಲ್ಲ.

ಅದರಲ್ಲಿ ಎಲ್ಲರೂ ಮತ್ತೆ ಮತ್ತೆ ಕೇಳುತ್ತಿದ್ದದ್ದು ಕಂಡಕ್ಟ್ರಣ್ಣನನ್ನು. ತೀರ್ಥಹಳ್ಳಿಯಿಂದ ಹೊಸನಗರದ ಮೇಲೆ ಸಾಗರಕ್ಕೆ ಹೋಗುವ ಪ್ರೈವೇಟ್ ಬಸ್ಸಿನಲ್ಲಿ ಅವರು ಜೀವಮಾನವೆಲ್ಲ ನಿಂತವರು. "ಹೊಸ್ನಗ್ರ ಹೊಸ್ನಗ್ರ ಸಾಗ್ರಾ! ಹತ್ರೀ ಹತ್ರೀ, ಹಿಂದೆ ಖಾಲಿ ಇದೆ!" ಹಿಂದೆ ಖಾಲಿ ಇದ್ದ ದಿನವನ್ನು ನಾನಂತೂ ನೋಡಿಲ್ಲ. ಕಂಬಿ ಹಿಡಿಯದೆ, ಸೊಂಟವನ್ನು ಸೀಟಿನ ಅಂಚಿಗೆ ಒಂದಿಷ್ಟು ತಾಗಿಸಿ, ಎರಡೂ ಕೈಯಲ್ಲಿ ಟಿಕೆಟು ಹರಿಯುತ್ತ ತಿರುವುಗಳಲ್ಲಿ ಅಲುಗದೆ ನಿಲ್ಲುತ್ತಿದ್ದರು. ಅದನ್ನು ಅನುಕರಿಸಲು ಹೋಗಿ ನಾನು ಎಷ್ಟೋ ಸಲ ಹೆಂಗಸರ ಬುಟ್ಟಿಯ ಮೇಲೆ ಬಿದ್ದಿದ್ದೇನೆ.

ಅವರ ಅರ್ಜಿಗೆ ನಾನು ಕೈಹಾಕಿದ್ದು ಮಳೆಗಾಲದ ಕೊನೆಗೆ. ಖಾಸಗಿ ಬಸ್ಸಿನ ಕೆಲಸದವರಿಗೆ ಪಿ.ಎಫ್. ಇರಲಿಲ್ಲ. ವೃದ್ಧಾಪ್ಯ ವೇತನ ಮಾಡಿಸೋಣವೆಂದರೆ ಅರವತ್ತು ತುಂಬಿರಬೇಕು. ಅವರಿಗೆ ತುಂಬಿದೆ, ಆಧಾರ್ ಕಾರ್ಡಿಗೆ ತುಂಬಿಲ್ಲ. ಕಾರ್ಡು ಮಾಡುವವನು ಮುಖ ನೋಡಿ ಒಂದು ಇಸವಿ ಅಂದಾಜು ಮಾಡಿ ಜನವರಿ ಒಂದು ಎಂದು ಬರೆದಿದ್ದ. ನಮ್ಮ ಊರಿನ ಅರ್ಧ ಜನ ಜನವರಿ ಒಂದರಂದೇ ಹುಟ್ಟಿದವರು. ಆವತ್ತು ಸೂಲಗಿತ್ತಿ ಪಾಡು ಏನಾಗಿತ್ತೋ. ಕಂಡಕ್ಟ್ರಣ್ಣ ತಲೆಗೆ ಬಣ್ಣ ಹಾಕಿಕೊಂಡು ಹೋಗಿದ್ದರಿಂದ ಆರೇಳು ವರ್ಷ ಉಳಿತಾಯವಾಗಿತ್ತು. ತಿದ್ದಿಸಲು ಶಾಲೆಯ ದಾಖಲೆ ಬೇಕೆಂದರು. ಶಾಲೆಗೆ ಹೋಗಿದ್ದರೆ ತಾನೆ!

ಉಳಿದ ದಾರಿ ಅಂಗವಿಕಲ ವೇತನ. ಅದಕ್ಕೆ ವಯಸ್ಸಿನ ಗೊಡವೆಯಿಲ್ಲ. ಮುಂದೆ ವೃದ್ಧಾಪ್ಯದ್ದು ಸಿಕ್ಕರೂ ಎರಡನ್ನೂ ಒಟ್ಟಿಗೆ ಕೊಡುವುದಿಲ್ಲ, ಯಾವುದಾದರೊಂದು. ಮೊದಲು ಆನ್‌ಲೈನ್ ಅರ್ಜಿ, ಆಮೇಲೆ ಆಸ್ಪತ್ರೆಯಲ್ಲಿ ಮಂಡಳಿಯ ಪರೀಕ್ಷೆ, ಅಲ್ಲಿ ನಲವತ್ತು ದಾಟಿದರೆ ಕಾರ್ಡು, ಕಾರ್ಡು ಬಂದರೆ ನಾಡಕಚೇರಿ. ಈ ಸರಪಳಿಯಲ್ಲಿ ಎರಡನೇ ಕೊಂಡಿಯೇ ಕಳಚಿತ್ತು.

ಕಳಚಿದ್ದರಿಂದ ಆಗುವುದು ಏನೆಂದು ನನಗೆ ಗೊತ್ತಿತ್ತು. ಕಂಡಕ್ಟರುಗಳು ಸಿಗದೆ ಬಸ್ಸಿನ ಮಾಲೀಕರು ಇವರಿಗೆ ಫೋನು ಮಾಡಿದ್ದರು: ಒಂದನೇ ತಾರೀಖಿನಿಂದ ಬರ್ತೀಯಾ? ಪಿಂಚಣಿ ಆಗದಿದ್ದರೆ ಬರುತ್ತೇನೆ ಎಂದು ಇವರು ಮಾತು ಕೊಟ್ಟಿದ್ದರು. ಅದೇ ಬಸ್ಸು, ಅದೇ ಬಾಗಿಲು, ಹೊಸನಗರದ ಕಡೆಯ ಅದೇ ತಿರುವುಗಳು. ಪಾದ ಎತ್ತಲು ಬಾರದ ಮನುಷ್ಯ ಫುಟ್‌ಬೋರ್ಡಿನ ಮೇಲೆ.

ಆಸ್ಪತ್ರೆಗೆ ಓಡಿದೆ. ಓಡಿದೆ ಎಂದರೆ ನನ್ನ ರೀತಿಯಲ್ಲಿ. ಮಂಡಳಿಯ ದಿನ ನಾನು ಬಾಗಿಲಾಚೆ ಇನ್ನೂ ನಾಲ್ಕು ಜನರ ಜೆರಾಕ್ಸ್ ಹಿಡಿದು ನಿಂತಿದ್ದೆ, ಒಳಗೆ ನಡೆದದ್ದು ನೋಡಿರಲಿಲ್ಲ. ಹೊರಬಂದ ಕಂಡಕ್ಟ್ರಣ್ಣನನ್ನು "ಹೆಂಗಾಯ್ತು?" ಎಂದು ಕೇಳಿದ್ದಕ್ಕೆ "ಫಸ್ಟ್ ಕ್ಲಾಸ್ ಮಾರಾಯ, ಹೇಳಿದ್ದೆಲ್ಲ ಮಾಡ್ದೆ" ಎಂದಿದ್ದರು. ಆಗಲೇ ನನಗೆ ಹೊಳೆಯಬೇಕಿತ್ತು.

ಮೂಳೆ ಡಾಕ್ಟರು ಒಬ್ಬ ಹೆಂಗಸು. ಗದರುವುದಿಲ್ಲ, ನಗುವುದೂ ಇಲ್ಲ.

"ಮೇಡಂ, ಅವರಿಗೆ ಇಪ್ಪತ್ತೆಂಟು ಬಂದಿದೆ."

"ಅವರೇ ಅಷ್ಟು ತಗೊಂಡಿದ್ದು," ಎಂದರು. "ಕೀಲು ಎಷ್ಟು ಬಗ್ಗತ್ತೆ, ಸ್ನಾಯು ಎಷ್ಟು ಬಲ ಇದೆ ಅಂತ ಅಳೀತೀವಿ. ಅದರಲ್ಲಿ ಬಂದಿದ್ದನ್ನ ಹಾಕಿದೀನಿ. ಆಮೇಲೆ ಸ್ಥಿರತೆ. ಸಮನೆಲದಲ್ಲಿ ನಡೀರಿ ಅಂದೆ, ನಡೆದ್ರು. ಒಂದೇ ಕಾಲಲ್ಲಿ ನಿಲ್ಲಿ ಅಂದೆ, ನಿಂತ್ರು. ತಿರುಗಿ ಅಂದೆ, ತಿರುಗಿದ್ರು. ಮಾಡಿದ್ದಕ್ಕೆಲ್ಲ ವೈಕಲ್ಯದ ಅಂಕ ಸೊನ್ನೆ. ಏನು ತೊಂದರೆ ಅಂತ ಕೇಳಿದ್ರೆ 'ಎಂತದೂ ಇಲ್ಲ, ಆರಾಮ' ಅಂದ್ರು. ನಾನೇನು ಮಾಡ್ಲಿ?"

ಆರಾಮ! ನಮ್ಮ ಕಡೆ ಹೆಣದ ಮುಂದೆ ಕೂತವನನ್ನು ಕೇಳಿದರೂ ಮೊದಲು ಬಾಯಿಗೆ ಬರುವುದು ಆರಾಮ. ದೊಡ್ಡವರು ಕೇಳಿದಾಗ ನಮ್ಮ ಕಷ್ಟ ಹೇಳಿ ಅವರಿಗೆ ಬೇಜಾರು ಮಾಡಬಾರದೆಂಬ ಮರ್ಯಾದೆ. ಆ ಮರ್ಯಾದೆಗೆ ಸರ್ಕಾರ ಸೊನ್ನೆ ಕೊಡುತ್ತದೆ ಎಂದು ಅವರಿಗೆ ನಾನಾದರೂ ಹೇಳಬೇಕಿತ್ತು.

"ಇನ್ನೊಂದ್ಸಲ ನೋಡಬಹುದಾ ಮೇಡಂ?"

"ಮರುಪರಿಶೀಲನೆಗೆ ಅರ್ಜಿ ಹಾಕಿ. ಬುಧವಾರ ಕರ್ಕೊಂಡು ಬನ್ನಿ. ಆದರೆ ನೆನಪಿಟ್ಕೊಳ್ಳಿ, ನನ್ನ ಕಣ್ಣಿಗೆ ಕಂಡಿದ್ದು ಮಾತ್ರ ಬರೆಯೋದು. ನೀವು ಹೇಳಿದ್ದನ್ನಲ್ಲ."

ಬುಧವಾರಕ್ಕೆ ದಿನವಿತ್ತು, ಒಂದನೇ ತಾರೀಖು ಅದರ ಬೆನ್ನಿಗೇ ಇತ್ತು. ಬಸ್‌ಸ್ಟ್ಯಾಂಡಿನಲ್ಲಿ ಸೀಟು ಬುಕ್ ಮಾಡುವ ಏಜೆಂಟನಿಗೆ ವಿಷಯ ಹೇಳಿದರೆ ಅವನು ಬಿದ್ದು ಬಿದ್ದು ನಕ್ಕ.

"ಅಲ್ಲ ಮಾರಾಯ, ಊರಿಗೆಲ್ಲ ಮಿಮಿಕ್ರಿ ಮಾಡ್ತೀಯ. ಆ ಅಣ್ಣಂಗೆ ನಾಕು ಹೆಜ್ಜೆ ಕುಂಟಕ್ಕೆ ಕಲ್ಸಕಾಗಲ್ಲ? ನಿನ್ನತ್ರ ಮಾಲು ಇದೆಯಲ್ಲ!"

"ನನ್ನ ಕುಂಟು ಕಂಪನಿ ಫಿಟ್ಟಿಂಗು. ಬೇರೆಯವ್ರಿಗೆ ಕೂರಲ್ಲ," ಎಂದೆ.

ನಗೆಯ ಮಾತು ನಗೆಯಲ್ಲೇ ಮುಗಿಯಬೇಕಿತ್ತು. ಆದರೆ ನಾನು ಹೋಗುವುದರೊಳಗೆ ಅದು ಫೋನಿನಲ್ಲಿ ಕಂಡಕ್ಟ್ರಣ್ಣನ ಮನೆಗೆ ತಲುಪಿತ್ತು. ಮೇಳಿಗೆಯ ಕಡೆ ರಸ್ತೆ ಪಕ್ಕದಲ್ಲಿ ಅವರದು ಎರಡು ಕೋಣೆಯ ಆಶ್ರಯ ಮನೆ. ನನ್ನ ಹೆಚ್ಚುವರಿ ಚಕ್ರದ ಸ್ಕೂಟರಿನ ಸದ್ದು ಕೇಳಿ ಬಾಗಿಲಲ್ಲಿ ಬಂದು ನಿಂತಿದ್ದರು. ಇಸ್ತ್ರಿ ಮಾಡಿದ ಅಂಗಿ, ಕಾಲಿಗೆ ಗಟ್ಟಿಯಾಗಿ ಲೇಸು ಕಟ್ಟಿದ ಬೂಟು. ಮನೆಯೊಳಗೆ ಬೂಟು ಯಾಕೆಂದು ನಾನು ಕೇಳಲಿಲ್ಲ.

"ಬಾ ಬಾ ತಮ್ಮ. ಏಜೆಂಟ ಹೇಳ್ದ. ನಂಗೆ ಆ್ಯಕ್ಟಿಂಗ್ ಬರಲ್ಲ ಅಂತ ತಿಳ್ಕಬೇಡ. ಕಾಣು ಇಲ್ಲಿ," ಎಂದು ಶುರುಮಾಡಿಯೇಬಿಟ್ಟರು.

ಒಂದು ಕೈಯಲ್ಲಿ ಗೋಡೆ ಹಿಡಿದು, ಇನ್ನೊಂದನ್ನು ಹಣೆಗಿಟ್ಟುಕೊಂಡು, "ಅಯ್ಯಯ್ಯೋ" ಎನ್ನುತ್ತ ತೂರಾಡಿದರು. ಕಾಲು ನೋಯುವವನಂತೆ ಕಾಣಲಿಲ್ಲ. ಕೊನೇ ಬಸ್ಸಿನಲ್ಲಿ ಕುಡಿದು ಬಂದವನು ತನ್ನ ಸ್ಟಾಪು ಹುಡುಕುವ ಹಾಗಿತ್ತು. ಅವರ ಹೆಂಡತಿ, ನಾನು ಅಕ್ಕ ಎನ್ನುವವರು, ಸೆರಗು ಬಾಯಿಗಿಟ್ಟುಕೊಂಡು ನಕ್ಕರು.

"ಬ್ಯಾಡ ಅಣ್ಣ," ಎಂದೆ. "ಇದನ್ನ ಕಂಡ್ರೆ ಮೇಡಂ ನಿಮಗೆ ಸೊನ್ನೆ ಕೊಟ್ಟು, ನನ್ನ ಕಾರ್ಡೂ ವಾಪಸ್ ಇಸ್ಕೊಳ್ತಾರೆ. ಸುಳ್ಳು ಎಂತದೂ ಬ್ಯಾಡ. ಇದ್ದಂಗೆ ಇರಿ ಸಾಕು."

"ಇದ್ದಂಗೇ ಇದ್ದಿದ್ನಲ್ಲಾ ಹೋದ್ಸಲ!"

ಕಾಫಿ ಕುಡಿದು ಹೊರಟೆ. ಸ್ಕೂಟರು ಹತ್ತಿದ ಮೇಲೆ ಹೆಲ್ಮೆಟ್ ಒಳಗೇ ಬಿಟ್ಟದ್ದು ನೆನಪಾಯಿತು. ಇಳಿದು ವಾಪಸು ಹೋದೆ. ಬಾಗಿಲು ತೆರೆದೇ ಇತ್ತು.

ನಾನು ಕಂಡದ್ದನ್ನು ಹಾಗೇ ಬರೆಯುತ್ತೇನೆ. ಕಂಡಕ್ಟ್ರಣ್ಣ ನೆಲದಲ್ಲಿ ಮಡಚಿದ ಗೋಣಿಚೀಲದ ಮೇಲೆ ಕೂತಿದ್ದರು. ಬೂಟು ಬಿಚ್ಚಿತ್ತು. ಎಡಪಾದ, ಒಗೆದು ತಂತಿಗೆ ಹಾಕಿದ ಬಟ್ಟೆಯ ಹಾಗೆ, ಕಣಕಾಲಿನಿಂದ ಕೆಳಗೆ ಜೋತುಬಿದ್ದಿತ್ತು. ಚೀಲದ ಮುಂದಿನ ಎರಡು ಮೂಲೆಗಳನ್ನು ಅಕ್ಕ ಹಿಡಿದುಕೊಂಡು ಹಿಂದೆ ಹಿಂದೆ ನಡೆಯುತ್ತ ಎಳೆಯುತ್ತಿದ್ದರು. ಅಣ್ಣ ಎರಡೂ ಅಂಗೈ ನೆಲಕ್ಕೆ ಊರಿ ಮೈಯನ್ನು ನೂಕುತ್ತಿದ್ದರು. ಬಚ್ಚಲಿನವರೆಗೆ ನೆಲದ ಸಿಮೆಂಟು ಒಂದು ಪಟ್ಟಿಯಷ್ಟು ಅಗಲಕ್ಕೆ ನುಣ್ಣಗೆ ಹೊಳೆಯುತ್ತಿತ್ತು. ಒಂದು ದಿನದಲ್ಲಿ, ಒಂದು ತಿಂಗಳಲ್ಲಿ ಬರುವ ಹೊಳಪಲ್ಲ ಅದು.

ಹೊಸ್ತಿಲು ದಾಟಿದ ಕಾಲನ್ನು ಹಿಂದಕ್ಕೆ ತೆಗೆದುಕೊಂಡೆ.

ಅಷ್ಟರಲ್ಲಿ ಕಂಡಕ್ಟ್ರಣ್ಣ ನನ್ನನ್ನು ನೋಡಿದರು. ನೋಡಿದವರು ಏನು ಮಾಡಿದರು ಗೊತ್ತೇ? ಎದ್ದು ನಿಂತರು! ಬಾಗಿಲ ಚೌಕಟ್ಟಿಗೆ ಕೈಕೊಟ್ಟು, ಒಂದೇ ಉಸಿರಿನಲ್ಲಿ ಮೇಲೆ ಬಂದು, ಸೊಂಟವನ್ನು ಚೌಕಟ್ಟಿನ ಅಂಚಿಗೆ ತಾಗಿಸಿ, ನೆಟ್ಟಗೆ. ಮುಖದಲ್ಲಿ ನಗು.

"ಎಂತಾ ಮರ್ತೆ ತಮ್ಮ?"

"ಹೆಲ್ಮೆಟ್," ಎಂದೆ.

ಅಕ್ಕ ಹೆಲ್ಮೆಟ್ ಹಿಡಿದುಕೊಂಡು ಸ್ಕೂಟರಿನವರೆಗೆ ಬಂದರು. "ಅವ್ರು ಹಂಗೇ ಕಣಾ," ಎಂದರು ತಗ್ಗಿದ ದನಿಯಲ್ಲಿ. "ಯಾರಾದ್ರೂ ಬಂದ್ರೆ ನಿಂತ್ಬಿಡ್ತಾರೆ. ಅಷ್ಟೊತ್ತೂ ಹಲ್ಲು ಕಚ್ಕಂಡು ಇರ್ತಾರೆ. ನೀ ಹೋದ ಮೇಲೆ ಒಂದು ಗಂಟೆ ಬೆವರು ಒರ್ಸದೇ ನನ್ನ ಕೆಲ್ಸ. ಹಾಸ್ಗೆ ಹಿಡ್ದೋರು ಅಂತ ಯಾರೂ ಹೇಳಬಾರ್ದು ಅಂತ."

"ಮತ್ತೆ ಬಸ್ಸಿಗೆ ಹೋಗ್ತೀನಿ ಅಂತಾರಲ್ಲ ಅಕ್ಕ!"

"ಹೋಗ್ತಾರೆ ಕಣಾ. ಹೇಳಿದ್ ಮೇಲೆ ಹೋಗೇ ಹೋಗ್ತಾರೆ. ಅದೇ ನಂಗೆ ಹೆದ್ರಿಕೆ."

ಸ್ಕೂಟರು ಓಡಿಸುತ್ತ ಬಂದೆನೋ ಅದೇ ನನ್ನನ್ನು ತಂದಿತೋ ತಿಳಿಯದು. ಏಜೆಂಟ ಹೇಳಿದ್ದು ಪೂರ್ತಿ ಉಲ್ಟಾ ಆಗಿತ್ತು. ಇವರಿಗೆ ಆ್ಯಕ್ಟಿಂಗ್ ಕಲಿಸುವುದಲ್ಲ, ಇವರು ಮಾಡುತ್ತಿರುವ ಆ್ಯಕ್ಟಿಂಗ್ ನಿಲ್ಲಿಸಬೇಕಿತ್ತು. ಆರಾಮಾಗಿರುವ ಒಬ್ಬ ಮನುಷ್ಯನನ್ನು ಅವರು ದಿನವೂ ಅನುಕರಿಸುತ್ತಿದ್ದರು. ಮಿಮಿಕ್ರಿಯವನಾದ ನಾನು ಎದುರಿಗೇ ಕೂತು ಕಾಫಿ ಕುಡಿದು, ಅದನ್ನು ಅಸಲಿ ಎಂದು ನಂಬಿದ್ದೆ. ಕಸುಬಿನವನಿಗೆ ಇದಕ್ಕಿಂತ ಅವಮಾನ ಬೇರೆ ಬೇಕೇ?

ಪಾದ ಜೋಲದಂತೆ ಹಿಡಿದಿಡುವ ಆ ಬೂಟು ಬಿಟ್ಟು ಬುಧವಾರ ಚಪ್ಪಲಿಯಲ್ಲಿ ಬನ್ನಿ ಎಂದು ಎರಡು ಸಲ ಫೋನು ಮಾಡಿ ಹೇಳಿದೆ. ಬೂಟಿನಲ್ಲೇ ಬಂದರು. "ಆಸ್ಪತ್ರೆಗೆ ಚಪ್ಪಲೀಲಿ ಹೋಗದಾ?" ಎಂದು ನನ್ನನ್ನೇ ಗದರಿದರು. ಈ ಸಲ ನಾನು ಉಳಿದ ಅರ್ಜಿದಾರರನ್ನು ಬೇರೆ ದಿನಕ್ಕೆ ಹಾಕಿ, ಡಾಕ್ಟರ ಒಪ್ಪಿಗೆ ಕೇಳಿ ಇವರ ಜೊತೆಗೇ ಒಳಗೆ ಹೋದೆ.

ಕೋಣೆ ಚಿಕ್ಕದು. ಒಂದು ಮೇಜು, ಒಂದು ಪರೀಕ್ಷೆಯ ಮಂಚ, ನಡುವೆ ಬಸ್ಸಿನ ಓಣಿಯಷ್ಟೇ ಜಾಗ. ಕಂಡಕ್ಟ್ರಣ್ಣನಿಗೆ ಹೇಳಿ ಮಾಡಿಸಿದಂತಿತ್ತು. ಡಾಕ್ಟರು ಬೂಟು ಬಿಚ್ಚಿಸಿ ಮಂಚದ ಮೇಲೆ ಮಲಗಿಸಿದರು. ಕೋನ ಅಳೆಯುವ ಪಟ್ಟಿಯನ್ನು ಸೊಂಟಕ್ಕೆ ಹಿಡಿದು ಬರೆದುಕೊಂಡರು. ಪಾದ ಮೇಲೆತ್ತಿ ಎಂದಾಗ ಇವರು ತೊಡೆಯನ್ನೇ ಎತ್ತಿ, ಪಾದವೂ ಅದರ ಜೊತೆ ಬರುವ ಹಾಗೆ ನೋಡಿಕೊಂಡರು.

"ಎದ್ದು ನಿಲ್ಲಿ."

ನಿಂತರು. ಸೊಂಟ ಮೇಜಿನ ಅಂಚಿಗೆ ತಾಗಿತ್ತು, ಇಷ್ಟೇ ಇಷ್ಟು.

"ತಿರುಗಿ."

ತಿರುಗಿದರು. ಮೇಜು ಬಿಟ್ಟ ಸೊಂಟ ಮಂಚದ ಅಂಚು ಹಿಡಿಯಿತು. ಗೊತ್ತಿದ್ದು ನೋಡುತ್ತಿದ್ದರೂ ಆ ಆಸರೆ ನನ್ನ ಕಣ್ಣಿಗೇ ಸಿಗುವುದು ಕಷ್ಟವಾಗಿತ್ತು.

"ಏನು ತೊಂದರೆ ಇದೆ ನಿಮಗೆ?"

"ಎಂತದೂ ಇಲ್ಲ ಮೇಡಂ. ಆರಾಮ."

ಡಾಕ್ಟರು ನನ್ನ ಕಡೆ ನೋಡಿದರು. ಪೆನ್ನು ಕೈಯಲ್ಲಿತ್ತು. ಹೇಳಿದರೆ ಬರೆಯುವುದಿಲ್ಲ, ಕಂಡರೆ ಮಾತ್ರ ಬರೆಯುವುದು. ನನಗೆ ಇನ್ನೊಂದು ದಾರಿ ತೋಚಲಿಲ್ಲ.

"ಮೇಡಂ, ಎರಡು ನಿಮಿಷ," ಎಂದು ಆ ಓಣಿಯ ನಡುವೆ ನೆಲದ ಮೇಲೆ ಕೂತೆ. ಚೀಲ ಇರಲಿಲ್ಲ, ಇದ್ದಂತೆಯೇ ಮಾಡಿದೆ. ಅಂಗೈ ಊರಿದೆ, ಮೈ ನೂಕಿದೆ, ಎಡಪಾದವನ್ನು ಜೋಲುಬಿಟ್ಟೆ. ಮುಂದೆ ಯಾರೋ ಎಳೆಯುತ್ತಿದ್ದಾರೆಂಬಂತೆ ಕತ್ತು ಎತ್ತಿ ನೋಡಿದೆ. ಆಮೇಲೆ ಚೌಕಟ್ಟಿನ ಬದಲು ಮೇಜು ಹಿಡಿದು, ಹಲ್ಲು ಕಚ್ಚಿ ಎದ್ದು, ಸೊಂಟ ತಾಗಿಸಿ ನಿಂತು, ಅವರದೇ ದನಿಯಲ್ಲಿ ಹೇಳಿದೆ: "ಎಂತದೂ ಇಲ್ಲ ಮೇಡಂ. ಆರಾಮ."

ಯಾರೂ ನಗಲಿಲ್ಲ. ನನ್ನ ಮಿಮಿಕ್ರಿಗೆ ಯಾರೂ ನಗದೇ ಇದ್ದದ್ದು ಅದೇ ಮೊದಲು. ಬಾಗಿಲ ಬಳಿಯಿದ್ದ ನರ್ಸು ಕೈಯಲ್ಲಿದ್ದ ಫೈಲನ್ನು ಎದೆಗೆ ಒತ್ತಿಕೊಂಡಿದ್ದಳು.

"ಇದು ನಿಮ್ಮದಾ, ಅವರದಾ?" ಎಂದರು ಡಾಕ್ಟರು.

"ಅವರದು ಮೇಡಂ. ನನ್ನದಕ್ಕೆ ಆಗಲೇ ಸಹಿ ಹಾಕಿದೀರಿ."

"ನಿಮ್ಮ ಮಿಮಿಕ್ರಿಗೆ ನಾನು ಪರ್ಸೆಂಟ್ ಕೊಡಕ್ಕಾಗಲ್ಲ."

ನಾನು ಕಂಡಕ್ಟ್ರಣ್ಣನ ಮುಖ ನೋಡುವ ಧೈರ್ಯ ಮಾಡಿದೆ. ಕೆಂಪಾಗಿತ್ತು. ಮೂವತ್ತು ವರ್ಷ ಕಳ್ಳ ಪಾಸಿನವರನ್ನು ಇಳಿಸಿದ ಕಣ್ಣು ನನ್ನ ಮೇಲಿತ್ತು. ಮುಗಿಯಿತು, ಈಗ ಎದ್ದು ಹೋಗುತ್ತಾರೆ, ಸೀದಾ ಬಸ್‌ಸ್ಟ್ಯಾಂಡಿಗೆ ಎಂದುಕೊಂಡೆ.

"ಅವ ಮಾಡಿದ್ದು ತಪ್ಪು ಮೇಡಂ," ಎಂದರು.

ತಪ್ಪಾಯ್ತೆಂದು ಕೈಮುಗಿಯಲು ಹೊರಟ ನನ್ನನ್ನು ಅವರು ತಡೆದರು.

"ಎರಡೂ ಕೈ ಒಟ್ಟಿಗೆ ಊರದಲ್ಲ ಮಾರಾಯ. ಹಂಗೆ ಮಾಡಿದ್ರೆ ಸೊಂಟ ಹಿಡ್ಕಂತದೆ. ಮೊದ್ಲು ಬಲಗೈ. ಆ ಕಾಲೂ ಹಂಗೆ ನೇತಾಡಲ್ಲ, ಅಡ್ಡ ಮಗುಚ್ಕಂತದೆ. ಅದನ್ನ ಕೈಲಿ ಸರಿ ಮಾಡಿ ಮುಂದೆ ಇಡಬೇಕು. ನೀ ಎಂತ ಕಂಡೆ ಮಣ್ಣು? ಸರಿ ಆಚೆ!"

ಮಂಚ ಬಿಟ್ಟು, ಮೇಜು ಬಿಟ್ಟು, ನನಗೆ ಸರಿಯಾಗಿ ತೋರಿಸಲೆಂದು ಅವರು ಕೋಣೆಯ ನಡುವಿಗೆ ಹೆಜ್ಜೆ ಹಾಕಿದರು. ಹಿಡಿಯಲು ಅಲ್ಲಿ ಏನೂ ಇರಲಿಲ್ಲ. ಬರಿಗಾಲಿನ ಎಡಪಾದ ಮೊದಲ ಹೆಜ್ಜೆಗೇ ಮಗುಚಿತು. ನಾನು ಹಿಡಿಯಲು ಹೋದೆ. ಡಾಕ್ಟರು ನನಗಿಂತ ಮೊದಲೇ ಮೇಜಿನ ಸುತ್ತ ಬಂದು ತೋಳು ಹಿಡಿದಿದ್ದರು. ಇಬ್ಬರೂ ಸೇರಿ ನೆಲಕ್ಕೆ ಕೂರಿಸಿದೆವು. ಕಂಡಕ್ಟ್ರಣ್ಣ ಅಂಗೈಯಿಂದ ಪಾದವನ್ನು ಎತ್ತಿ, ಒಂದು ವಸ್ತುವನ್ನು ಸರಿಯಾಗಿ ಇಡುವ ಹಾಗೆ, ಮುಂದಕ್ಕೆ ಇಟ್ಟರು. ಬಲಗೈ ಊರಿದರು. ಮೈ ನೂಕಿದರು.

"ಹಿಂಗೆ," ಎಂದರು ನನಗೆ. "ಈಗ ಕಂಡ್ಯಾ?"

ಡಾಕ್ಟರು ಕುರ್ಚಿಗೆ ಹೋಗಲಿಲ್ಲ. ಅಲ್ಲೇ ನೆಲದ ಮೇಲೆ ಕೂತು ಪಾದವನ್ನು ತೊಡೆಯ ಮೇಲೆ ಇಟ್ಟುಕೊಂಡರು. ಪಿನ್ನಿನ ತುದಿ ತಾಗಿಸಿದರು, ಗೊತ್ತಾಗಲಿಲ್ಲ. ತೊಡೆಯನ್ನು ಒಂದು ಕೈಯಲ್ಲಿ ಒತ್ತಿ ಹಿಡಿದು "ಈಗ ಪಾದ ಮಾತ್ರ ಎತ್ತಿ" ಎಂದರು; ಅದು ಏಳಲಿಲ್ಲ. ಹೋದ ಸಲ ಸೊನ್ನೆ ಬಿದ್ದದ್ದನ್ನೆಲ್ಲ ಒಂದೊಂದಾಗಿ ಮತ್ತೆ ಮಾಡಿಸಿದರು, ಈ ಸಲ ಕೋಣೆಯ ನಡುವೆ, ತಾವೇ ಕೈ ಚಾಚಿ ಕಾಯುತ್ತ. ಒಂದು ಕಾಲಿನ ಮೇಲೆ ನಿಲ್ಲುವುದು ಆಗಲಿಲ್ಲ. ಕುಕ್ಕರುಗಾಲಲ್ಲಿ ಕೂರುವುದು ಆಗಲಿಲ್ಲ. ತಿರುಗುವುದು ಆಗಲಿಲ್ಲ.

"ಮೊನ್ನೆ ಯಾಕೆ ಹೇಳಲಿಲ್ಲ ನೀವು?"

"ನೀವು ಆಗತ್ತಾ ಅಂತ ಕೇಳಿದ್ರಿ ಮೇಡಂ. ಡಾಕ್ಟ್ರು ಕೇಳ್ದಾಗ ಆಗಲ್ಲ ಅನ್ನಕ್ಕೆ ಬತ್ತದಾ?"

ಡಾಕ್ಟರು ಸ್ವಲ್ಪ ಹೊತ್ತು ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡಿದರು. ಆಮೇಲೆ ಬರೆದರು. ನಲವತ್ತು ಹಿಂದೆ ಉಳಿದಿತ್ತು, ಚೆನ್ನಾಗಿಯೇ ಹಿಂದೆ. "ಮುಂದಿನದು ನಾಡಕಚೇರಿ, ನಿಮಗೆ ಗೊತ್ತಿದೆಯಲ್ಲ," ಎಂದು ನನಗೆ ಹೇಳಿ, ಪಾದಕ್ಕೆ ಆಧಾರ ಕೊಡುವ ಪಟ್ಟಿಗೂ ಒಂದು ಚೀಟಿ ಕೊಟ್ಟರು.

ಹೊರಗೆ ಬೆಂಚಿನ ಮೇಲೆ ಕೂತು ಅವರ ಬೂಟಿನ ಲೇಸು ಕಟ್ಟಿದೆ. ಬಯ್ಯುತ್ತಾರೆಂದು ಕಾದೆ. ಬಯ್ಯಲಿಲ್ಲ. ಜೇಬಿನಿಂದ ಮೊಬೈಲು ತೆಗೆದು ಬಸ್ ಮಾಲೀಕರ ನಂಬರು ಹುಡುಕಿ ನನ್ನ ಕೈಗೆ ಕೊಟ್ಟರು.

"ನೀನೇ ಹೇಳಿಬಿಡು ತಮ್ಮ. ನನ್ನ ದನಿ ಬರ್ತದಲ್ಲ ನಿಂಗೆ. ಅವ್ರಿಗೆ ಗೊತ್ತೂ ಆಗಲ್ಲ."

"ಎಂತ ಹೇಳದು?"

"ಒಂದನೇ ತಾರೀಕಿಂದ ಬರಕ್ಕೆ ಆಗಲ್ಲ ಅಂತ."

ಫೋನು ಕಿವಿಗಿಟ್ಟುಕೊಂಡೆ. ಆ ಕಡೆ ರಿಂಗಾಯಿತು. ಅವರ ದನಿಯಲ್ಲಿ ಹತ್ರೀ ಎನ್ನಬಲ್ಲೆ, ಇಳಿರೀ ಎನ್ನಬಲ್ಲೆ, ಚಿಲ್ಲರೆ ಇಲ್ಲ ಎಂದು ಜಗಳ ಆಡಬಲ್ಲೆ, ಆರಾಮ ಎನ್ನಬಲ್ಲೆ. ಆಗಲ್ಲ ಎಂಬ ಮಾತನ್ನು ಆ ದನಿಯಲ್ಲಿ ನಾನು ಒಂದು ಸಲವೂ ಕೇಳಿರಲಿಲ್ಲ. ಕೇಳದ್ದನ್ನು ಮಾಡಲು ಹೇಗೆ ಬರುತ್ತದೆ? "ಹಲೋ, ಹೇಳೋ," ಎಂದರು ಮಾಲೀಕರು. ನಾನು ಫೋನನ್ನು ಕಂಡಕ್ಟ್ರಣ್ಣನ ಕೈಗೇ ವಾಪಸು ಕೊಟ್ಟೆ.

ಅವರು ನನ್ನನ್ನು ದುರುಗುಟ್ಟಿ ನೋಡಿದರು. ಮಾತಾಡುವ ಮೊದಲು ಅಭ್ಯಾಸದಂತೆ ಏಳಲು ಬೆಂಚಿನ ಅಂಚು ಹಿಡಿದರು. ಹಿಡಿದ ಕೈ ಹಾಗೇ ಇತ್ತು. ಏಳಲಿಲ್ಲ.

"ಧಣೀ," ಎಂದರು, ಕೂತಲ್ಲಿಂದಲೇ. "ನಂಗೆ ಆಗಲ್ಲ."